ಡ್ರೈವರ್ ಕಡೆಯ ಬಾಗಿಲು

"ಕಾರು ತಗೊಂಡು ಹೋಗು. ಆ ಬಾಗಿಲು ಮಾತ್ರ ಇಲ್ಲೇ ಬಿಟ್ಟು ಹೋಗು," ಎಂದಳು ಸೈಮಿ ಅಜ್ಜಿ.

ವೆಸ ನಕ್ಕ. ಹುಲ್ಲು ಕೊಟ್ಟಿಗೆಯ ಅರೆಗತ್ತಲಲ್ಲಿ ದೂಳು ಹೊದ್ದು ನಿಂತಿದ್ದ ಆ ದುಂಡು ಬೆನ್ನಿನ ಹಳೆಯ ಸ್ವೀಡಿಷ್ ಕಾರಿನ ಸುತ್ತ ಅವನು ಆಗಲೇ ನಾಲ್ಕಾರು ಸುತ್ತು ಹಾಕಿ ಆಗಿತ್ತು. ಇಲಿಗಳು ಸೀಟಿನ ನಾರನ್ನೆಲ್ಲ ಕಿತ್ತು ಗೂಡು ಮಾಡಿದ್ದವು. ಹಳೆ ಎಣ್ಣೆ, ಕೊಳೆತ ಹುಲ್ಲು, ಇಲಿ ಉಚ್ಚೆ ಎಲ್ಲ ಸೇರಿದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆದರೆ ತಗಡು ಗಟ್ಟಿಯಿತ್ತು. ಅದರಲ್ಲೂ ಡ್ರೈವರ್ ಕಡೆಯ ಬಾಗಿಲು. ಯಾವ ಕಾಲದಲ್ಲೋ ಅದರ ಕೆಳಗಿನ ಅರ್ಧವನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ನಡುವಿನ ಸಂದಿಗೆ ತವರ ತುಂಬಿ ಅರ ಹಾಕಿದ್ದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ವೆಸ ಕಣ್ಣು ಮುಚ್ಚಿ ಅಂಗೈ ಆಡಿಸಿದ. ಒಂದು ಕಡೆ ಮಾತ್ರ ಗೆರೆ ಎಳೆದ ಹಾಗೆ ತಣ್ಣಗಿತ್ತು.

"ಬಾಗಿಲಿಲ್ಲದ ಕಾರು ತಗೊಂಡು ನಾನೇನು ಮಾಡ್ಲಿ ಅಜ್ಜಿ? ಪರದೆ ಕಟ್ಲಾ?"

"ಗುಜರಿಲಿ ಬೇಕಾದಷ್ಟು ಬಾಗಿಲು ಸಿಗತ್ತೆ."

"ಈ ಸಂದು ತುಂಬಿದ್ದು ಯಾರು? ನಿಮ್ಮ ಯಜಮಾನ್ರಾ?"

"ನಾನು."

ವೆಸ ಹೆಂಡತಿಯ ಕಡೆ ತಿರುಗಿ ಕಣ್ಣು ಹೊಡೆದ. ಐಲಾ ನಗಲಿಲ್ಲ.

"ಅದರೊಳಗೆ ಇರೋದು ನಂದು, ತಮ್ಮಾ," ಎಂದಳು ಸೈಮಿ. ಅವಳ ಎಡಗೈ ಯಾವಾಗಿನಂತೆ ಏಪ್ರನ್ನಿನ ಜೇಬಿನಲ್ಲೇ ಇತ್ತು. "ಬೆಂಕಿ ಇಟ್ಟು ಬಿಚ್ಚೋಕೆ ಹೋಗ್ಬೇಡ. ಸೌನಾ ಹತ್ರಕ್ಕಂತೂ ಒಯ್ಯಲೇಬೇಡ. ನಿನ್ನ ಕೈ ನಿಂಗೆ ಬೇಕು ಅಂದ್ರೆ ಬೇಡ."

"ಭೂತ ಗೀತ ಕೂರಿಸಿದೀರಾ? ಪೆಟ್ರೋಲ್ ಕುಡಿಯೋ ಜಾತಿದೋ, ಡೀಸೆಲ್ ಕುಡಿಯೋದೋ?"

ಅಜ್ಜಿ ಕಾಫಿಗೆ ನೀರಿಡುತ್ತೇನೆಂದು ಒಳಗೆ ಹೋದಳು. ಕೊಟ್ಟಿಗೆಯ ಮಾಡು ಬರುವ ಹಿಮದ ಭಾರಕ್ಕೆ ತಡೆಯುವಂತಿರಲಿಲ್ಲ, ಅದಕ್ಕೇ ಅವಳು ಕಾರು ಕೊಡಲು ಒಪ್ಪಿದ್ದು. ಅವಳು ಹೊರಗೆ ಬರುವಷ್ಟರಲ್ಲಿ ವೆಸ ಕಾರನ್ನು ಬಾಗಿಲ ಸಮೇತ ಟ್ರೇಲರಿಗೆ ಏರಿಸಿ ಹಗ್ಗ ಬಿಗಿದಿದ್ದ. ಬಾಗಿಲು ಆಮೇಲೆ ತಂದು ಕೊಡುತ್ತೇನೆ ಎಂದ. ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಐಲಾ ಇನ್ನೂ ವ್ಯಾನಿಗೆ ಹತ್ತುತ್ತಿರುವಾಗಲೇ ಅವನು ಅವಳ ಕಡೆಯ ಬಾಗಿಲನ್ನು ದಡಾರನೆ ಬಡಿದ. ಅವಳು ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡಿದ್ದಕ್ಕೆ ಉಳಿದವು. ಕಾಫಿ ಕೆಟಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಸೈಮಿ ಅದನ್ನು ನೋಡಿದಳು.

ಈ ವೆಸನ ವಿಚಾರ ಹೇಳಬೇಕು. ದಕ್ಷಿಣದ ಲಾಹ್ತಿ ಪಟ್ಟಣದ ಕಡೆಯವನು. ಟಿಂಕರಿಂಗ್ ಕೆಲಸದಲ್ಲಿ ಅವನ ಕೈಗೆ ಸಮ ಇರಲಿಲ್ಲ. ಹಳೆ ಕಾರುಗಳ ಹುಚ್ಚಿನವರು ದೂರದ ಓಲು, ಟುರ್ಕು ಪಟ್ಟಣಗಳಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬೇರೆಯವರು ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೈತೊಳೆದುಕೊಳ್ಳುವ ಕಡೆ ಇವನು ಹಳೆಯ ಕ್ರಮದಲ್ಲೇ ತವರ ತುಂಬುತ್ತಿದ್ದ. ಮೊದಲು ತಗಡನ್ನು ಬಿಳಿ ಬರುವವರೆಗೆ ಉಜ್ಜಬೇಕು, ಪಾತ್ರೆಗೆ ಹಾಕುವ ಹಾಗೆ ಕಲಾಯಿ ಹಾಕಬೇಕು. ಆಮೇಲೆ ತವರದ ಸಲಾಕೆಯನ್ನು ಬೆಂಕಿ ತೋರಿಸಿ ಬೆಣ್ಣೆಯಷ್ಟು ಮೆತ್ತಗೆ ಮಾಡಿ, ಕೊಬ್ಬು ಸವರಿದ ಮರದ ಪಟ್ಟಿಯಿಂದ ಸಂದಿಗೆ ಒತ್ತಬೇಕು. ಬೆಂಕಿ ಒಂಚೂರು ಹೆಚ್ಚಾದರೆ ಎಲ್ಲ ನೀರಾಗಿ ನೆಲಕ್ಕೆ ಸುರಿಯುತ್ತದೆ. ಕೊನೆಗೆ ಅರ ಹಾಕಿ, ಕಣ್ಣು ಮುಚ್ಚಿ, ಅಂಗೈ ಪೂರ್ತಿ ಬಿಡಿಸಿ ಸವರಿ ನೋಡಬೇಕು. ಕಣ್ಣಿಗೆ ಸಿಗದ ಉಬ್ಬು ತಗ್ಗು ಬಿಡಿಸಿದ ಅಂಗೈಗೆ ಸಿಗುತ್ತದೆ. ಆ ಅಂಗೈಯೇ ವೆಸನ ಅನ್ನ.

ಅದೇ ಕೈ ಮುಷ್ಟಿಯಾಗುವುದೂ ಇತ್ತು. ಲಾಹ್ತಿಯ ಮನೆಯ ಅಡುಗೆಕೋಣೆಯಲ್ಲಿ ಒಮ್ಮೆ ಅವನ ಗುದ್ದು ಐಲಾಳ ಕಿವಿಯ ಪಕ್ಕದ ಗೋಡೆಗೆ ಬಿದ್ದು ಹಲಗೆ ತೂತಾಯಿತು. ಕಿವಿಗೇ ಬೀಳಬೇಕಿದ್ದದ್ದು. ಅವಳು ತಲೆ ವಾಲಿಸಿದ್ದಳು. ಆ ತೂತಿನ ಮೇಲೆ ಅವನೇ ಒಂದು ಕ್ಯಾಲೆಂಡರ್ ತೂಗುಹಾಕಿದ. ಅಲ್ಲಿಗೆ ಮುಗಿಯಿತು. ಕ್ಷಮಿಸು ಎನ್ನಲಿಲ್ಲ, ಯಾಕೆ ಹಾಗೆ ಮಾಡಿದೆ ಎನ್ನಲಿಲ್ಲ, ಆ ಕುರಿತು ಒಂದೇ ಒಂದು ಮಾತಿಲ್ಲ. ಜಾಗ ಬದಲಾದರೆ ಗಂಡ ಬದಲಾಗುತ್ತಾನೆಂದು ನಂಬಿದ ಐಲಾ ತನ್ನ ತಾಯಿಯ ಊರಿಗೆ, ಅಂದರೆ ಉತ್ತರದ ನಮ್ಮ ಕೈನೂ ಸೀಮೆಗೆ, ಅವನನ್ನು ಕರೆತಂದಳು. ನಮ್ಮ ಕಡೆ ಗಂಡಸು ಮಾತಾಡದೆ ಕೂತರೆ ಎಷ್ಟು ಗಂಭೀರ ಎಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ.

ಚಳಿ ಬಲಿಯುವ ಹೊತ್ತಿಗೆ ಕಾರಿನ ಮೈಯೆಲ್ಲ ಆಗಿತ್ತು. ಮಾಡಿನ ಸಂದು, ಹಿಂಬದಿಯ ಸಂದು, ಎಲ್ಲ ಹೊಸ ತವರದಿಂದ ಹೊಳೆಯುತ್ತಿದ್ದವು. ಉಳಿದದ್ದು ಆ ಒಂದು ಬಾಗಿಲು. ಬಣ್ಣ ಕೆರೆದಾಗ ಒಳಗಿನ ಕೆಲಸ ಕಂಡಿತು. ಒಂದು ಗುಳ್ಳೆಯಿಲ್ಲ, ಬಿರುಕಿಲ್ಲ. ಹಾಗೆಯೇ ಬಿಟ್ಟು ಬಣ್ಣ ಹೊಡೆಯಬಹುದಿತ್ತು. ಯಾವ ಟಿಂಕರನಾದರೂ ಬಿಡುತ್ತಿದ್ದ. ಆದರೆ ಒಬ್ಬ ಮುದುಕಿ ತುಂಬಿದ ಸಂದು ತನ್ನ ಕೆಲಸಕ್ಕಿಂತ ಒಂದು ಕೈ ಮೇಲಿದೆ ಎನ್ನುವುದು ಅವನಿಗೆ ಗಂಟಲಲ್ಲಿ ಮುಳ್ಳಾಗಿ ಕೂತಿತು. ಬೇರೆಯವರ ತವರ ನನ್ನ ಗಾಡಿಯಲ್ಲಿ ಇರಬಾರದು ಎಂದು ಬೆಂಕಿಯುಗುಳುವ ಗ್ಯಾಸ್ ಟಾರ್ಚ್ ಹಚ್ಚಿದ. ಗ್ಯಾರೇಜಿನೊಳಗೂ ಉಸಿರು ಹೆಪ್ಪುಗಟ್ಟುವ ಚಳಿ. ತಗಡು ಕಾಯಲೇ ಇಲ್ಲ. ಕೊಟ್ಟ ಬಿಸಿಯನ್ನೆಲ್ಲ ಬಾಗಿಲು ನುಂಗಿ ಮತ್ತೆ ತಣ್ಣಗಾಗುತ್ತಿತ್ತು. ಅವನು ಸುತ್ತಿಗೆಯನ್ನು ಗೋಡೆಗೆ ಎಸೆದ. ಆಮೇಲೆ ಬಾಗಿಲನ್ನು ಬಗಲಿಗೆ ಏರಿಸಿಕೊಂಡು ಸರೋವರದ ದಡದಲ್ಲಿದ್ದ, ಕಲ್ಲು ಕಾಯಿಸಿ ಹಬೆಸ್ನಾನ ಮಾಡುವ ಮರದ ಮನೆ, ಸೌನಾದ ಕಡೆ ಹೊರಟ.

ಐಲಾ ದಾರಿಯಲ್ಲಿ ಅಡ್ಡ ನಿಂತಳು.

"ಅಲ್ಲಿಗ್ಯಾಕೆ ಒಯ್ತಿದೀಯ?"

"ಒಲೆ ಹಚ್ಚಿದ್ರೆ ತಗಡು ಕಾಯತ್ತೆ. ಇನ್ನೇನು, ನಿನ್ನ ಮಡಿಲಲ್ಲಿಟ್ಟು ಕಾಯಿಸ್ಲಾ?"

"ಬೇಡ ಅಂತ ಅಜ್ಜಿ ಹೇಳಿದ್ರು. ಅದು ಸೌನಾ ಕಣೋ. ನಮ್ಮಮ್ಮ ಹುಟ್ಟಿದ್ದು ಅದರೊಳಗೆ. ತಾತನ ಹೆಣ ತೊಳೆದಿದ್ದೂ ಅಲ್ಲೇ."

"ಅಷ್ಟೆಲ್ಲ ಸಹಿಸಿರೋದು ಒಂದು ಬಾಗಿಲು ಸಹಿಸಲ್ವಾ? ಪಕ್ಕಕ್ಕೆ ಸರಿ."

ಅವಳು ಸರಿದಳು.

ಊರಲ್ಲಿ ಎಂಥ ಪೋಕರಿಯೂ ಸೌನಾದೊಳಗೆ ದನಿ ಎತ್ತುವುದಿಲ್ಲ, ಬೈಯುವುದಿಲ್ಲ. ವೆಸ ಬಾಯ್ತುಂಬ ಬೈಯುತ್ತಲೇ ಒಲೆ ಹಚ್ಚಿದ. ಚಳಿಗಾಲದ ಗಿಡ್ಡ ಹಗಲು, ಮಧ್ಯಾಹ್ನದ ಕಾಫಿಯ ಹೊತ್ತಿಗಾಗಲೇ ಹೊರಗೆ ಬೆಳಕು ಸತ್ತಿತ್ತು. ಪುಟ್ಟ ಕಿಟಕಿಯಲ್ಲಿ ಹೆಪ್ಪುಗಟ್ಟಿದ ಸರೋವರ ಬೂದಿಬಣ್ಣಕ್ಕೆ ತಿರುಗಿತ್ತು. ಒಳಗೆ ಬರ್ಚ್ ಸೌದೆಯ ಹೊಗೆ, ಹಳೆಯ ಮರದ ಹಲಗೆಗಳ ಡಾಂಬರು ವಾಸನೆ. ಕೆಳಗಿನ ಹಲಗೆಯ ಮೇಲೆ ಬಾಗಿಲು ಮಲಗಿಸಿ ಟಾರ್ಚ್ ಹಿಡಿದ. ಈಗ ತಗಡು ಮಾತು ಕೇಳಿತು. ತವರ ಬೆವರಿತು, ಹೊಳೆಯಿತು, ಹನಿಹನಿಯಾಗಿ ಉದುರತೊಡಗಿತು.

ಸಂದು ಬಾಯಿ ಬಿಟ್ಟಿತು.

ಒಳಗಿನಿಂದ ಮಣ್ಣು ಸುರಿಯಿತು. ಕಪ್ಪು ಮಣ್ಣು. ಒಂದು ಹಿಡಿಯಷ್ಟು. ತವರದ ಕುದಿಯಲ್ಲಿ ಇದ್ದದ್ದು ಒಣಗಿ ಬೂದಿಯಾಗಿರಬೇಕಿತ್ತು. ಅದು ಹಸಿಯಾಗಿತ್ತು. ಆಗತಾನೆ ಅಗೆದು ತೆಗೆದ ಹಾಗೆ ಒದ್ದೆ ಒದ್ದೆ, ಮುಟ್ಟಿದರೆ ಕೊರೆಯುವಷ್ಟು ತಣ್ಣಗೆ. ವೆಸ ಅದನ್ನು ಅಂಗೈಯಲ್ಲಿ ಎತ್ತಿ ಮೂಸಿದ. ಬಾವಿಯ ತಳದ ವಾಸನೆ. ಕೊಳೆತ ಹೂವಿನ ವಾಸನೆ.

"ಇಷ್ಟೇನಾ ಮುದುಕಿ ನಿನ್ನ ಭೂತ," ಎಂದು ಗಟ್ಟಿಯಾಗಿ ನಕ್ಕು, ಹಿಡಿ ಮಣ್ಣನ್ನು ಒಲೆಯ ಕಾದ ಕಲ್ಲುಗಳ ಮೇಲೆ ಎಸೆದ. ಅದರ ಮೇಲೊಂದು ಸೌಟು ನೀರೂ ಸುರಿದ.

ಹಬೆ ಎದ್ದಿತು. ಬಿಸಿ ಹಬೆಯಲ್ಲ. ಹಬೆ ತಣ್ಣಗಿತ್ತು. ಬತ್ತಿದೀಪ ಮಂಕಾಯಿತು. ಮೇಲಿನ ಹಲಗೆಯಿಂದ, ಯಾರೂ ಕೂರದ ಒಣ ಹಲಗೆಯಿಂದ, ನೀರು ತೊಟ್ಟಿಕ್ಕುವ ಸದ್ದು. ತೊಟ್. ತೊಟ್. ಒದ್ದೆ ಕೂದಲಿನಿಂದ ಇಳಿದ ಹಾಗೆ. ವೆಸ ತಲೆ ಎತ್ತಲಿಲ್ಲ. ಎತ್ತಲು ಕುತ್ತಿಗೆ ಒಪ್ಪಲಿಲ್ಲ. ಅವನ ಬಲಗೈಯನ್ನು ಯಾರೋ ಹಿಡಿದರು. ನೆನೆದ, ಕೊರೆಯುವ ಬೆರಳುಗಳು. ಅವು ಅವನ ಬೆರಳುಗಳನ್ನು ಮಡಚಿದವು. ಕಿರುಬೆರಳು ಮೊದಲು. ಆಮೇಲೆ ಅದರ ಪಕ್ಕದ್ದು. ತಾಯಿ ಮಗುವಿನ ಕೈಯಲ್ಲಿ ಏನನ್ನೋ ಇಟ್ಟು ಮುಚ್ಚುವಷ್ಟು ನಿಧಾನವಾಗಿ. ಕೊನೆಗೆ ಹೆಬ್ಬೆರಳು ಮೇಲೆ ಕೂತಿತು.

ಅವನು ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಡಿಸಲು ಬಂತು. ಕೈ ಮರಗಟ್ಟಿದೆ, ಟಾರ್ಚಿನ ಹೊಗೆ ತಲೆಗೇರಿದೆ ಎಂದು ತನಗೆ ತಾನೇ ಹೇಳಿಕೊಂಡು ಕಿಟಕಿ ತೆಗೆದ. ಆಮೇಲೆ ಹಟಕ್ಕೆ ಬಿದ್ದು ಅಲ್ಲಿಯೇ ಕೂತು ಸಂದನ್ನು ಉಜ್ಜಿ, ಕಲಾಯಿ ಹಾಕಿ, ತನ್ನ ತವರ ತುಂಬಿದ. ಒಳ್ಳೆಯ ಕೆಲಸವೇ ಆಯಿತು. ಅದನ್ನು ಅಲ್ಲಗಳೆಯುವಂತಿಲ್ಲ.

ಮಾರನೆಯ ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಿಕೊಂಡಿತ್ತು. ಬಿಸಿನೀರಲ್ಲಿ ಇಟ್ಟ ಮೇಲೆ ಬಿಚ್ಚಿತು. ಅದರ ಮರುದಿನ ಬಿಚ್ಚಲು ಇನ್ನೂ ಹೊತ್ತು ಹಿಡಿಯಿತು. ಸಿಟ್ಟು ಬಂದಾಗಲೆಲ್ಲ ಕೈ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅವನಿಗೋ ಈಗ ಎಲ್ಲದಕ್ಕೂ ಸಿಟ್ಟು. ರೊಟ್ಟಿ ದಪ್ಪ ಕೊಯ್ದರೆ ಸಿಟ್ಟು, ಚಮಚ ಸದ್ದು ಮಾಡಿದರೆ ಸಿಟ್ಟು, ಐಲಾ ಸುಮ್ಮನೆ ಕೂತರೂ ಸಿಟ್ಟು. ಅಂಗೈಗೆ ಉಗುರು ಇಳಿದು ಗಾಯವಾಯಿತು. ಆ ಗಾಯದಿಂದ ಬಾವಿಯ ತಳದ ವಾಸನೆ ಏಳುತ್ತಿತ್ತು. ಹಾಸಿಗೆಗೆ, ಟವೆಲಿಗೆ, ಕಾಫಿ ಲೋಟದ ಹಿಡಿಗೆ ಆ ವಾಸನೆ ಅಂಟಿತು. ಕೆಲಸಕ್ಕೆ ನಿಂತು ತಗಡಿನ ಮೇಲೆ ಅಂಗೈ ಬಿಡಿಸಲು ಹೋದರೆ ಮೂರು ಬೆರಳು ಏಳಲೇ ಇಲ್ಲ. ವೆಸ ಗಾಬರಿಯಾದ. ಅವನಿಗೆ ಗಾಬರಿ ತೋರಿಸಲು ಬರುತ್ತಿರಲಿಲ್ಲ, ಅದೂ ಸಿಟ್ಟಾಗಿಯೇ ಹೊರಬಂತು.

ಐಲಾ ಅವನಿಗೆ ಹೇಳದೆ ಸೈಮಿಯ ಮನೆಗೆ ಹೋದಳು.

ಸೈಮಿ ಅವಳ ಮುಂದೆ ಕಾಫಿ ಇಟ್ಟು, ಏಲಕ್ಕಿ ಬನ್ನು ಇಟ್ಟು, ಆಮೇಲೆ ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ಬೆರಳುಗಳೂ ಒಂದೇ ಗೆರೆಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು.

"ಆ ಬಾಗಿಲು," ಎಂದಳು ಸೈಮಿ. "ನನ್ನ ಗಂಡ ಆರ್ವಿ ಮುಚ್ಚಿದ್ದು. ಕೈ ಇದೆ ಅಂತ ಕಾಣದೆ ಮುಚ್ಚಿದ್ದಲ್ಲ ಮಗಳೇ. ನೋಡ್ಕೊಂಡೇ ಮುಚ್ಚಿದ. ಎರಡು ಸಲ. ಬಾಗಿಲು ಸೊಟ್ಟ ಆಯ್ತು ಅಂತ ಅದಕ್ಕೂ ನನ್ನನ್ನೇ ಬೈದ. ಸರಿಮಾಡು ಅಂದ. ಗ್ಯಾರೇಜು ಅವನ ಹೆಸರಲ್ಲಿತ್ತು, ಕೆಲಸ ಎಲ್ಲ ನಂದೇ ಆಗಿತ್ತಲ್ಲ."

"ಮಣ್ಣು?"

"ನಮ್ಮಕ್ಕ ಹಿಲ್ಮಾನ ಗೋರೀದು. ಅವಳ ಗಂಡನೂ ಇಂಥವನೇ. ಕಾಲುಜಾರಿ ಬಾವಿಗೆ ಬಿದ್ಲು ಅಂತ ಊರೆಲ್ಲ ಹೇಳ್ತು. ಕುತ್ತಿಗೆ ಮೇಲೆ ಬೆರಳಿನ ಗುರುತಿತ್ತು. ಅವಳನ್ನ ಸೌನಾದಲ್ಲಿ ತೊಳೆದಿದ್ದು ನಾನು, ನಂಗೆ ಗೊತ್ತು. ಪಾದ್ರಿಗೂ ಗೊತ್ತು, ಪೋಲೀಸಿಗೂ ಗೊತ್ತು. ಎಲ್ಲರೂ ಕಾಫಿ ಕುಡಿದು ಎದ್ದು ಹೋದ್ರು." ಅವಳ ದನಿ ಏರಲಿಲ್ಲ. "ಸತ್ತವರ ನೆಲಕ್ಕೆ ಒಂದು ಬಲ ಇರತ್ತೆ, ಕಲ್ಮ ಅಂತೀವಿ. ಒಂದು ಹಿಡಿ ತಂದು ಸಂದಿಗೆ ತುಂಬ್ದೆ. ಮೇಲೆ ತವರ ಹಾಕ್ದೆ, ಈ ಮುರಿದ ಕೈಯಲ್ಲೇ. ಮುಷ್ಟಿ ಕಟ್ಟೋ ಕೈ ಮುಷ್ಟಿಯಾಗೇ ಇರ್ಲಿ ಅಂತ ಅಕ್ಕನಿಗೆ ಹೇಳ್ದೆ."

ಆರ್ವಿಯ ಮುಷ್ಟಿ ನಮ್ಮೂರಿನ ಹಿರಿಯರಿಗೆಲ್ಲ ನೆನಪಿದೆ. ಅಂಗಡಿಗೆ, ಇಗರ್ಜಿಗೆ, ಮದುವೆ ಮನೆಗೆ ಅವನು ಬಲಗೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಬರುತ್ತಿದ್ದ. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ, ಅಷ್ಟು ನಾರುತ್ತಿತ್ತು. ಸತ್ತ ಮೇಲೂ ಬಿಚ್ಚದೆ, ಹಾಗೆಯೇ ಪೆಟ್ಟಿಗೆಯಲ್ಲಿಟ್ಟರು. ಸಂಧಿವಾತ ಎಂದೆವು. ನಾವು ಹಾಗೆ ಏನಾದರೊಂದು ಎನ್ನುವವರು.

"ಬಿಡಿಸೋಕೆ ಆಗಲ್ವಾ ಅಜ್ಜಿ?" ಐಲಾ ಅಳುತ್ತಿದ್ದಳು. "ಆ ಕೈ ಹೋದ್ರೆ ಅವನ ಬದುಕೇ ಹೋಯ್ತು."

"ಆಗತ್ತೆ. ಸುಲಭ. ಕಬ್ಬಿಣದ ಗಾಯದ ರಕ್ತ ನಿಲ್ಲಿಸೋಕೆ ಹಳಬರು ಕಬ್ಬಿಣದ ಹುಟ್ಟು, ಅದು ಎಲ್ಲಿಂದ ಬಂತು ಅನ್ನೋ ಮಂತ್ರ, ಹೇಳ್ತಿದ್ರಲ್ಲ, ಹಾಗೇನೇ. ಮುಷ್ಟಿಯ ಹುಟ್ಟು ಹೇಳ್ಬೇಕು. ಎಲ್ಲಿ ಎದ್ದಿತೋ ಅಲ್ಲಿಂದ, ಯಾರ ಮೇಲೆ ಎತ್ತಿದ್ನೋ ಅವಳ ಮುಂದೆ. ಹೀಗೆ ಮಾಡಿದೆ, ನಿನಗೇ ಹೊಡೆಯೋಕೆ ಅಂತಾನೇ ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ್ರೆ ಮುಗೀತು, ಬಿಚ್ಚತ್ತೆ."

"ಅಷ್ಟೇನಾ?"

"ಅಷ್ಟೇ. ಆರ್ವಿಗೆ ನಾನು ಪ್ರತಿ ಶನಿವಾರ ಸೌನಾದಲ್ಲಿ ಹೇಳ್ತಿದ್ದೆ. ಒಂದು ಮಾತು ಹೇಳು, ಕೈ ಬಿಚ್ಚತ್ತೆ ಅಂತ. ಸಾಯೋವರೆಗೂ ಹೇಳ್ಲಿಲ್ಲ." ಸೈಮಿ ಕೈಯನ್ನು ಮತ್ತೆ ಜೇಬಿಗೆ ಇಳಿಸಿದಳು. "ನಿನ್ನ ಗಂಡ ವ್ಯಾನಿನ ಬಾಗಿಲು ಬಡಿದಿದ್ದು ನೋಡಿದ್ದೆ ಮಗಳೇ. ಬೇಡ ಅಂದಿದ್ದು ಸರಿಯೇ ಅಂತ ಆಗ ಗೊತ್ತಾಯ್ತು. ಮುಷ್ಟಿ ಕಟ್ಟದವನಿಗೆ ಅದು ಬರೀ ಮಣ್ಣು."

ಶನಿವಾರ ಐಲಾ ಸೌನಾ ಕಾಯಿಸಿದಳು. ಬಿಸಿಗೆ ಕೈ ಸಡಿಲವಾಗುತ್ತದೆ ಎಂದು ಹೇಳಿ ಅವನನ್ನು ಕರೆದಳು. ಮುಷ್ಟಿ ಪೂರ್ತಿ ಕಟ್ಟಿಕೊಂಡಿತ್ತು, ತೋರುಬೆರಳೊಂದು ಮಾತ್ರ ಅಷ್ಟಿಷ್ಟು ಅಲುಗುತ್ತಿತ್ತು. ವೆಸ ಎದುರುತ್ತರ ಕೊಡದೆ ಬಂದ. ಅಷ್ಟು ಹೆದರಿದ್ದ. ಹೊರಗೆ ಸಂಜೆಗೆ ಮುಂಚಿನ ಕತ್ತಲು, ಸರೋವರದ ಮಂಜುಗಡ್ಡೆ ಆಗಾಗ ಕೆಳಗಿನಿಂದ ಗುಡುಗುತ್ತಿತ್ತು. ಇಬ್ಬರೂ ಕೆಳಗಿನ ಹಲಗೆಯ ಮೇಲೆ ಕೂತರು. ಐಲಾ ಸೈಮಿ ಹೇಳಿದ್ದನ್ನೆಲ್ಲ ಹೇಳಿದಳು, ಒಂದನ್ನೂ ಬಿಡಲಿಲ್ಲ.

"ಮುದುಕಿಗೆ ತಲೆ ಕೆಟ್ಟಿದೆ," ಎಂದ ವೆಸ. ದನಿಯಲ್ಲಿ ಮೊದಲಿನ ನಗೆ ಇರಲಿಲ್ಲ.

"ಕೆಟ್ಟಿರ್ಲಿ. ನೀನು ಹೇಳ್ಬಿಡು. ಹೇಳಿದ್ರೆ ಏನು ಕಳ್ಕೋತೀಯ?"

"ಏನು ಹೇಳ್ಬೇಕು?"

"ಲಾಹ್ತಿ. ಅಡುಗೆಮನೆ. ಗೋಡೆ."

ಒಲೆಯೊಳಗೆ ಸೌದೆ ಚಟಪಟ ಎಂದಿತು. ಮೇಲಿನ ಹಲಗೆಯಿಂದ ನೀರು ತೊಟ್ಟಿಕ್ಕಿತು. ಈ ಸಲ ಐಲಾಗೂ ಕೇಳಿತು. ಅವಳು ಮೇಲೆ ನೋಡಲಿಲ್ಲ, ಗಂಡನ ಮುಖವನ್ನೇ ನೋಡಿದಳು.

"ವೆಸ, ಹೇಳು. ನಾನು ಬೈಯಲ್ಲ, ಬಿಟ್ಟೂ ಹೋಗಲ್ಲ. ಆಣೆ ಮಾಡ್ತೀನಿ. ಅವತ್ತು ನೀನು ಗೋಡೆಗಲ್ಲ, ನಂಗೆ ಹೊಡೆಯೋಕೆ ಕೈ ಎತ್ತಿದ್ದೆ. ಅಷ್ಟು ಹೇಳು ಸಾಕು. ನಿನ್ನ ಕೈ ಉಳಿಯತ್ತೆ. ನಾವೂ ಉಳೀತೀವಿ."

ತೊಟ್. ತೊಟ್.

ಹಬೆ ತಣ್ಣಗಾಯಿತು. ದೀಪ ಸಣ್ಣಗಾಯಿತು. ವೆಸನ ಬಾಯಿ ತೆರೆಯಿತು. ಮಾತು ನಾಲಗೆಯ ತುದಿಗೆ ಬಂದಿದ್ದು ಅವಳಿಗೆ ಕಂಡಿತು. ತೋರುಬೆರಳು ಅಲುಗಿತು. ಅದರ ಪಕ್ಕದ್ದು ಸಡಿಲವಾಯಿತು. ಅಂಗೈಯ ಗಾಯ ಒಂದು ಗೆರೆಯಷ್ಟು ಕಂಡಿತು. ಅವನು ಅದನ್ನು ನೋಡಿದ. ಬಿಚ್ಚುತ್ತಿತ್ತು. ನಿಜವಾಗಿಯೂ ಬಿಚ್ಚುತ್ತಿತ್ತು. ಹಾಗಾದರೆ ಮುದುಕಿ ಹೇಳಿದ್ದು ನಿಜ. ಹಾಗಾದರೆ ಈ ಹೆಂಗಸರು ಕೂತು ತನ್ನ ಬಗ್ಗೆ ಮಾತಾಡಿದ್ದಾರೆ. ಕಾಫಿ ಕುಡಿಯುತ್ತ ಮಾತಾಡಿದ್ದಾರೆ. ತನ್ನ ಮನೆಯ ಮಾತನ್ನು. ಅವನ ಕತ್ತಿನ ನರ ಉಬ್ಬಿತು. ಮುಖ ಕೆಂಪಾಯಿತು. ಕೈ ಮೇಲೆದ್ದಿತು. ಅವಳ ಮುಖದ ಎತ್ತರಕ್ಕೆ ಎದ್ದಿತು. ಐಲಾ ಈ ಸಲ ತಲೆ ವಾಲಿಸಲಿಲ್ಲ. ಅಲ್ಲಾಡಲಿಲ್ಲ.

"ಹೇಳು," ಎಂದಳು.

"ಅವತ್ತು ಏನೂ ಆಗ್ಲಿಲ್ಲ," ಎಂದ ವೆಸ.

ದೀಪ ಆರಿತು.

ಒದ್ದೆ ಪಾದಗಳು ಮೇಲಿನ ಹಲಗೆಯಿಂದ ಇಳಿದವು. ಒಂದು. ಇನ್ನೊಂದು. ಬಾವಿಯ ವಾಸನೆ ತುಂಬಿತು. ಐಲಾಳ ತೋಳಿಗೆ ಒದ್ದೆ ಕೂದಲು ತಾಕಿ ದಾಟಿ ಹೋಯಿತು. ಅವಳಿಗೆ ಏನೂ ಆಗಲಿಲ್ಲ. ಕತ್ತಲಲ್ಲಿ ವೆಸ ಬೇಡ ಎಂದ. ಬೇಡ, ಬೇಡ ಎಂದ. ಆಮೇಲೆ ಮೂಳೆಗಳ ಸದ್ದು. ಹಸಿ ಕಡ್ಡಿ ಮುರಿದ ಸದ್ದು. ಕಿರುಬೆರಳು. ಅದರ ಪಕ್ಕದ್ದು. ನಡುಬೆರಳು. ಅವನು ಕಿರುಚಿದ. ತೋರುಬೆರಳು. ಕಿರುಚಾಟ ನಿಂತಿತು. ಹೆಬ್ಬೆರಳು ಎಲ್ಲಕ್ಕಿಂತ ನಿಧಾನವಾಗಿ ಮುಚ್ಚಿತು. ಐಲಾ ತಡಕಾಡಿ ಬಾಗಿಲು ಹುಡುಕಿ ಹೊರಗೆ ಹಿಮದ ಮೇಲೆ ಬಿದ್ದಳು. ಅವಳ ಹಿಂದೆ ಸೌನಾದೊಳಗೆ ಒಂದು ಹೆಂಗಸು ದೊಡ್ಡದಾಗಿ ಉಸಿರು ಬಿಟ್ಟ ಹಾಗೆ ಹಬೆ ಹಿಸ್ಸೆಂದಿತು.

ಕಯಾನಿ ಪಟ್ಟಣದ ಆಸ್ಪತ್ರೆಯಲ್ಲಿ ಅವನಿಗೆ ಪ್ರಜ್ಞೆ ತಪ್ಪಿಸಿ ನೋಡಿದರು. ಗಾಢ ನಿದ್ರೆಯಲ್ಲೂ ಮುಷ್ಟಿ ಬಿಚ್ಚಲಿಲ್ಲ. ಹೇಗಾಯಿತು ಎಂದು ಡಾಕ್ಟರು ಕೇಳಿದ್ದಕ್ಕೆ, ಏನೂ ಆಗಲಿಲ್ಲ ಎಂದೇ ಹೇಳಿದ. ಐಲಾ ಪಕ್ಕದಲ್ಲೇ ನಿಂತಿದ್ದಳು. ಅವನು ಅದನ್ನು ಎರಡನೆಯ ಸಲ ಹೇಳಿದ್ದು ಕೇಳಿ ಅವಳು ಕೋಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಎಲ್ಲಿಗೆ ಹೋದಳೆಂದು ಸೈಮಿಗೆ ಗೊತ್ತು. ಸೈಮಿ ಯಾರಿಗೂ ಹೇಳುವವಳಲ್ಲ, ಹೇಳಬಾರದು ಕೂಡ.

ವೆಸ ಇಲ್ಲೇ ಇದ್ದಾನೆ. ಕಾರು ಗ್ಯಾರೇಜಿನಲ್ಲಿ ನಿಂತಿದೆ. ಬಣ್ಣ ಕಾಣದ ಬರಿಯ ತಗಡಿಗೆ ತುಕ್ಕು ಹತ್ತಿ, ತುಂಬಿದ ಸಂದುಗಳು ಮಾತ್ರ ಬಿಳಿ ಗಾಯದ ಗುರುತುಗಳಾಗಿ ಉಳಿದಿವೆ. ಸಂಜೆ ಸಂಜೆಗೆ ಅವನು ಸೌನಾ ಹಚ್ಚಿ ಒಳಗೆ ಕೂತು ಮಾತಾಡುತ್ತಾನೆ. ರಸ್ತೆಯವರೆಗೂ ಕೇಳುತ್ತದೆ. ನಿನಗೇ ಹೊಡೆಯೋಕೆ ಕೈ ಎತ್ತಿದ್ದೆ, ಗೋಡೆಗಲ್ಲ, ನಿಂಗೇ, ಎನ್ನುತ್ತಾನೆ. ವ್ಯಾನಿನ ಬಾಗಿಲನ್ನೂ ಹೇಳುತ್ತಾನೆ, ಕ್ಯಾಲೆಂಡರನ್ನೂ ಹೇಳುತ್ತಾನೆ. ನಮಗೆ ಯಾರಿಗೂ ಗೊತ್ತಿರದ ಬೇರೆ ಕೆಲವನ್ನೂ ಹೇಳುತ್ತಾನೆ. ಒಂದೂ ಬಿಡದೆ, ಅಳುತ್ತ, ಗಂಟಲು ಹರಿಯುವ ಹಾಗೆ ಹೇಳುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ನಿಶ್ಶಬ್ದ. ಕೈ ನೋಡಿಕೊಳ್ಳುತ್ತಿರಬೇಕು. ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.

ಪಾಪ ಎಂದು ಊರಿನವರು ಈಗ ಅವನ ಮನೆ ಮುಂದೆ ಸೂಪು ಇಟ್ಟು ಬರುತ್ತಾರೆ. ಆ ಮಾತನ್ನು ಕೇಳಬೇಕಾದವಳು ಎದುರಿಗೆ ಕೂತು, ಆಣೆ ಮಾಡಿ, ಬೇಡಿಕೊಂಡಿದ್ದಳು. ನಾನು ಆ ರಸ್ತೆಯಲ್ಲಿ ದಿನವೂ ಓಡಾಡುತ್ತೇನೆ, ನಿಲ್ಲುವುದಿಲ್ಲ.